ಇರವಿಕುಳಂ ಬೆಟ್ಟದ ನೀಲಕುರಿಂಜಿ

ನಮ್ಮ ಶಾಲೆಯ ಕಚೇರಿಯ ಗೋಡೆಯಲ್ಲಿ, ಗಡಿಯಾರದ ಕೆಳಗೆ, ಗಾಜು ಹಾಕಿದ ಚಿಕ್ಕ ಚೌಕಟ್ಟೊಂದು ತೂಗುತ್ತಿರುವುದನ್ನು 1994ರ ತರುವಾಯ ಇಲ್ಲಿ ಕಲಿತವರೆಲ್ಲರೂ ಕಂಡಿರುತ್ತಾರೆ. ಒಳಗೆ ಒಣಗಿದ ಒಂದು ರೆಂಬೆ. ಅದರ ಅಡಿಯಲ್ಲಿ ನನ್ನದೇ ಕೈಬರಹದಲ್ಲಿ ‘ನೀಲಕುರಿಂಜಿ, ಮೂನ್ನಾರ್, 1994’ ಎಂಬ ಸಾಲು. ಅದು ಒಂದು ಕಾಲಕ್ಕೆ ನೀಲಿಯಾಗಿತ್ತೆಂದು ಯಾರಾದರೂ ಹೇಳದೆ ಇಂದು ತಿಳಿಯುವಂತಿಲ್ಲ; ಹೂವು, ಎಲೆ, ಕಾಂಡ ಎಲ್ಲವೂ ಚಹಾಪುಡಿಯ ಬಣ್ಣಕ್ಕೆ ತಿರುಗಿವೆ. ವರ್ಗಾವಣೆ ಪತ್ರಕ್ಕೆಂದು ಬಂದು ಕಾದು ನಿಂತ ಎಷ್ಟೋ ಮಕ್ಕಳು ಅದನ್ನು ನೋಡಿ ‘ಇದೇನು ಮಾಷ್ಟ್ರೇ?’ ಎಂದು ಕೇಳಿದ್ದುಂಟು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವು ಎಂದು ನಾನು ಹೆಮ್ಮೆಯಿಂದ ಉತ್ತರಿಸುತ್ತಿದ್ದೆ. ಆದರೆ ಆ ರೆಂಬೆ ಗೋಡೆಗೆ ಬಂದ ಬಗೆಯನ್ನು ಪೂರ್ತಿಯಾಗಿ ಯಾರಿಗೂ ಹೇಳಿರಲಿಲ್ಲ. ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಆ ಹೂವಿನ ವಿಚಾರವನ್ನೂ ಅದು ಅರಳುವ ಇರವಿಕುಳಂ ರಾಷ್ಟ್ರೀಯ ಉದ್ಯಾನದ ವಿಚಾರವನ್ನೂ ವಿವರಿಸುತ್ತ, ಆ ಕಥೆಯನ್ನೂ ಹೇಳಿಬಿಡುವುದು ಒಳ್ಳೆಯದೆಂದು ನನಗೆ ತೋರಿತು.

ಬೆಟ್ಟದ ಪೂರ್ವಕಥೆ

ಕಾಸರಗೋಡಿನವರಾದ ನಾವು ಪ್ರವಾಸವೆಂದೊಡನೆ ಮೈಸೂರು, ಬೇಲೂರು, ಹಂಪೆಗಳತ್ತ ಮುಖ ಮಾಡುವುದು ವಾಡಿಕೆ. ಅದು ಸಹಜವೂ ಹೌದು. ಆದರೆ 1956ರಿಂದ ನಾವು ಸೇರಿರುವ ಕೇರಳ ರಾಜ್ಯದ ದಕ್ಷಿಣದ ಬೆಟ್ಟಗಳನ್ನು ನಮ್ಮಲ್ಲಿ ಕಂಡವರು ಕಡಿಮೆ. ಇಡುಕ್ಕಿ ಜಿಲ್ಲೆಯ ದೇವಿಕುಳಂ ತಾಲೂಕಿನಲ್ಲಿ, ಮೂನ್ನಾರ್ ಪಟ್ಟಣದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ, ಇರವಿಕುಳಂ ರಾಷ್ಟ್ರೀಯ ಉದ್ಯಾನವಿದೆ. ವಿಸ್ತೀರ್ಣ 97 ಚದರ ಕಿಲೋಮೀಟರ್. ಅದರ ದಕ್ಷಿಣದ ಅಂಚಿನಲ್ಲಿರುವ ಆನೆಮುಡಿ ಶಿಖರದ ಎತ್ತರ 2,695 ಮೀಟರ್; ಇಡೀ ಪಶ್ಚಿಮ ಘಟ್ಟದಲ್ಲಿ ಇದಕ್ಕಿಂತ ಎತ್ತರವಾದ ಶಿಖರವಿಲ್ಲ.

ಈ ಬೆಟ್ಟಗಳು ಉಳಿದುಬಂದ ರೀತಿ ವಿಚಿತ್ರವಾದುದು. 1877ರಲ್ಲಿ ಜಾನ್ ಡೇನಿಯಲ್ ಮನ್ರೋ ಎಂಬ ಆಂಗ್ಲನು ಪೂಂಜಾರಿನ ಅರಸರಿಂದ ಕಣ್ಣನ್ ದೇವನ್ ಬೆಟ್ಟಗಳನ್ನು ಗುತ್ತಿಗೆಗೆ ಪಡೆದನು. ಮುಂದೆ ಕೆಳಗಿನ ಇಳಿಜಾರುಗಳೆಲ್ಲ ಒಂದೊಂದಾಗಿ ಚಹಾ ತೋಟಗಳಾದವು. ಮೇಲಿನ ಇರವಿಕುಳಂ ಪ್ರಸ್ಥಭೂಮಿಯನ್ನು ಮಾತ್ರ ತೋಟದ ದೊರೆಗಳು ತಮ್ಮ ಬೇಟೆಗಾಗಿ ಹಾಗೆಯೇ ಇರಿಸಿಕೊಂಡರು. ಬೇಟೆಯ ಪ್ರಾಣಿ ಮುಗಿದುಹೋಗಬಾರದೆಂಬ ಲೆಕ್ಕಾಚಾರದಿಂದ 1928ರಲ್ಲಿ ಸಂಘವೊಂದನ್ನೂ ಕಟ್ಟಿದರು. ಅಲ್ಲಿನ ಮೂಲನಿವಾಸಿಗಳಾದ ಮುದುವ ಜನರನ್ನು ಕಾವಲಿಗೆ ನೇಮಿಸಿಕೊಂಡರು. ಕಾಲಕ್ರಮದಲ್ಲಿ ಬೇಟೆ ನಿಂತಿತು, ಕಾವಲು ಉಳಿಯಿತು. 1971ರಲ್ಲಿ ಕೇರಳ ಸರ್ಕಾರವು ಕಾನೂನಿನ ಮೂಲಕ ಕಣ್ಣನ್ ದೇವನ್ ಬೆಟ್ಟಗಳ ಭೂಮಿಯನ್ನು ಮರಳಿ ವಶಪಡಿಸಿಕೊಂಡಿತು. 1975ರಲ್ಲಿ ಇರವಿಕುಳಂ ವನ್ಯಧಾಮವಾಯಿತು. 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2012ರಲ್ಲಿ ಪಶ್ಚಿಮ ಘಟ್ಟದ ಇತರ ತಾಣಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. 1975 ಎಂದರೆ ನಮ್ಮ ಶಾಲೆಯ ಬಾಗಿಲು ತೆರೆದ ವರ್ಷ. ಆ ಬೆಟ್ಟದ ರಕ್ಷಣೆಗೂ ನಮ್ಮ ಶಾಲೆಗೂ ಈಗ ಒಂದೇ ವಯಸ್ಸು.

ಶೋಲೆಯೂ ಹುಲ್ಲುಗಾವಲೂ

ಇರವಿಕುಳಂಗೆ ಮೊದಲ ಬಾರಿ ಹೋದವರಿಗೆ ಒಂದು ಸಂದೇಹ ಬರುತ್ತದೆ. ರಾಷ್ಟ್ರೀಯ ಉದ್ಯಾನವೆಂದು ಬಂದರೆ ಮರಗಳೇ ಇಲ್ಲವಲ್ಲ, ಕಾಡು ಕಡಿದುಹೋಗಿದೆಯೇ ಎಂದು. 1994ರಲ್ಲಿ ನನಗೂ ಹಾಗೆಯೇ ಅನಿಸಿತ್ತು. ಆದರೆ ಅದು ಕಡಿದ ಕಾಡಲ್ಲ. ಸುಮಾರು ಎರಡು ಸಾವಿರ ಮೀಟರಿಗಿಂತ ಮೇಲಿನ ಈ ಬೆಟ್ಟಗಳಲ್ಲಿ ಗಾಳಿ ಬೀಸುವ ಇಳಿಜಾರುಗಳೆಲ್ಲ ಹುಲ್ಲುಗಾವಲು. ಇಳಿಜಾರುಗಳ ಮಡಿಕೆಗಳಲ್ಲಿ, ನೀರು ಇಳಿಯುವ ಕಣಿವೆಗಳಲ್ಲಿ ಮಾತ್ರ ಗಿಡ್ಡ ಮರಗಳು ಒತ್ತಾಗಿ ಬೆಳೆದ ಕಾಡು. ಈ ಕಾಡಿಗೆ ಶೋಲಾ ಎಂದು ಹೆಸರು. ಅಂಗೈಯನ್ನು ಅರೆ ಮಡಚಿ ಹಿಡಿದರೆ ಗೆರೆಗಳಿರುವ ಜಾಗದಲ್ಲಿ ಕಾಡು, ಉಬ್ಬಿರುವ ಜಾಗದಲ್ಲಿ ಹುಲ್ಲು ಎಂದು ನಾನು ಮಕ್ಕಳಿಗೆ ತೋರಿಸುತ್ತಿದ್ದೆ. ಮಳೆಗಾಲದ ನೀರನ್ನು ಹುಲ್ಲಿನ ಬೇರುಗಳೂ ಶೋಲೆಯ ಕೊಳೆತ ಎಲೆಗಳ ಮಣ್ಣೂ ಹೀರಿಟ್ಟುಕೊಂಡು ಬೇಸಗೆಯಲ್ಲಿ ನಿಧಾನವಾಗಿ ಬಿಡುತ್ತವೆ. ಬೆಟ್ಟದ ಒಂದು ಕಡೆಯ ತೊರೆಗಳು ಪೆರಿಯಾರ್ ನದಿಗೆ ಹೋದರೆ ಇನ್ನೊಂದು ಕಡೆಯವು ಪಾಂಬಾರ್ ಮೂಲಕ ಕಾವೇರಿಯನ್ನು ಸೇರುತ್ತವೆ.

ಹಿಂದಿನವರು ಇಂಥ ಹುಲ್ಲುಗಾವಲನ್ನು ಪಾಳುಭೂಮಿಯೆಂದು ಭಾವಿಸಿದರು. ಪಶ್ಚಿಮ ಘಟ್ಟದ ಎತ್ತರದ ಅನೇಕ ಕಡೆಗಳಲ್ಲಿ ಸೌದೆಗಾಗಿ, ಕಾಗದಕ್ಕಾಗಿ, ಚರ್ಮ ಹದಮಾಡುವ ತೊಗಟೆಗಾಗಿ ಯೂಕಲಿಪ್ಟಸ್ ಮತ್ತು ವಾಟಲ್ ಮರಗಳನ್ನು ನೆಟ್ಟರು. ಮರ ನೆಟ್ಟರೆ ಪುಣ್ಯವೆಂದು ನಾವೂ ವನಮಹೋತ್ಸವದ ಭಾಷಣಗಳಲ್ಲಿ ಹೇಳಿದ್ದೇವೆ. ತಪ್ಪಾದ ಜಾಗದಲ್ಲಿ ನೆಟ್ಟ ಮರ ಒಂದು ಊರಿನಷ್ಟು ಜೀವಿಗಳನ್ನು ಒಕ್ಕಲೆಬ್ಬಿಸಬಲ್ಲುದು ಎಂಬುದು ನನಗೆ ತಿಳಿದದ್ದು ಆ ಬೆಟ್ಟಗಳಿಂದ.

ಈ ಹುಲ್ಲನ್ನೇ ನಂಬಿ ಬದುಕುವ ಪ್ರಾಣಿ ನೀಲಗಿರಿ ತಾರ್. ಮಲಯಾಳದಲ್ಲೂ ತಮಿಳಿನಲ್ಲೂ ಅದಕ್ಕೆ ವರಯಾಡು ಎಂದು ಹೆಸರು. ಬಂಡೆಯ ಆಡು ಎಂದು ಅರ್ಥ. ಕೇರಳ ಮತ್ತು ತಮಿಳುನಾಡಿನ ಘಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಅದು ಕಾಡಿನಲ್ಲಿ ಇಲ್ಲ. ಅದರ ಅತ್ಯಂತ ದೊಡ್ಡ ಸಂತತಿ ಇರುವುದು ಇರವಿಕುಳಂನಲ್ಲಿ. ದಾರಿಯ ಪಕ್ಕದಲ್ಲೇ ಮರಿಗಳೊಡನೆ ಮೇಯುತ್ತ, ಮನುಷ್ಯರನ್ನು ಕಂಡು ಹೆದರದೆ ನಿಲ್ಲುತ್ತದೆ. ಆನೆಮುಡಿಯ ಸುತ್ತಿನ ಹುಲ್ಲಿನಲ್ಲಿ ಕೆಂಡದ ಬಣ್ಣದ ಪುಟ್ಟ ಕಪ್ಪೆಯೊಂದಿದೆ. ವಿಜ್ಞಾನಿಗಳು ಅದನ್ನು ಗುರುತಿಸಿ ಹೆಸರಿಟ್ಟದ್ದು 2010ರಲ್ಲಿ.

ಹೂವುಗಳಂತೂ ಮಳೆ ಬಿಟ್ಟೊಡನೆ ಪ್ರತಿ ವರ್ಷವೂ ಅರಳುತ್ತವೆ. ಒಸರುವ ಬಂಡೆಗಳಲ್ಲಿ ಕರ್ಣಕುಂಡಲದ ಹಲವು ಕಾಡು ಬಗೆಗಳು, ಹುಲ್ಲಿನ ನಡುವೆ ನೆಲದ ಸೀತಾಳೆಗಳು, ಜೌಗಿನಲ್ಲಿ ಕೀಟಗಳನ್ನು ಅಂಟಿಸಿಕೊಂಡು ಜೀರ್ಣಿಸಿಕೊಳ್ಳುವ ಇಬ್ಬನಿಗಿಡ, ಶೋಲೆಯ ಅಂಚಿನಲ್ಲಿ ರಕ್ತವರ್ಣದ ಹೂ ಬಿಡುವ ರೋಡೊಡೆಂಡ್ರನ್ ಮರ. ಹನ್ನೆರಡು ವರ್ಷ ಕಾಯಬೇಕಾಗಿಲ್ಲ; ಸೆಪ್ಟೆಂಬರಿನಲ್ಲಿ ಯಾವ ವರ್ಷ ಹೋದರೂ ಕಣ್ಣಿಗೆ ಕೆಲಸವಿದೆ.

ಹನ್ನೆರಡರ ಲೆಕ್ಕ

ಈಗ ಕುರಿಂಜಿಯ ವಿಚಾರ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸ್ಟ್ರೊಬಿಲಾಂಥಿಸ್ ಕುಂತಿಯಾನ. ಗಾಳಿಗೆ ಒಡ್ಡಿದ ಹುಲ್ಲುಗಾವಲಿನಲ್ಲಿ ಮೊಣಕಾಲಿನ ಎತ್ತರಕ್ಕೆ ಬೆಳೆಯುವ ಪೊದೆ. ಹೂವು ಗಂಟೆಯಾಕಾರದ್ದು; ಅರಳುವಾಗ ತಿಳಿನೀಲಿ, ಬಲಿತಂತೆ ನೇರಳೆ ಬೆರೆತ ನೀಲಿ. ಬಿಡಿಯಾಗಿ ನೋಡಿದರೆ ಅಷ್ಟೇನೂ ಸುಂದರವಲ್ಲ, ಪರಿಮಳವೂ ಇಲ್ಲ. ಒಂದು ಬೆಟ್ಟದ ಮೈಯೆಲ್ಲ ಒಮ್ಮೆಲೇ ಅರಳಿದಾಗ ಮಾತ್ರ ಅದರ ಮಹಿಮೆ ತಿಳಿಯುತ್ತದೆ. ನೀಲಗಿರಿಗೆ ಆ ಹೆಸರು ಬಂದದ್ದು ಈ ಹೂವಿನಿಂದಲೇ ಎಂದು ಹೇಳುವುದುಂಟು. ಪ್ರಾಚೀನ ತಮಿಳು ಸಂಗಂ ಸಾಹಿತ್ಯದಲ್ಲಿ ಐದು ಬಗೆಯ ಭೂಪ್ರದೇಶಗಳನ್ನು ಹೇಳುವಾಗ ಬೆಟ್ಟದ ಸೀಮೆಗೆ ಕುರಿಂಜಿ ಎಂಬ ಹೆಸರನ್ನೇ ಇಟ್ಟಿದ್ದಾರೆ.

ಇದರ ಜೀವನಕ್ರಮ ಹೀಗಿದೆ. ಜುಲೈ ಆಗಸ್ಟಿನಲ್ಲಿ ಹೂ ಬಿಡಲಾರಂಭಿಸಿ ಅಕ್ಟೋಬರ್ ವರೆಗೆ ಅರಳುತ್ತದೆ. ಜೇನ್ನೊಣಗಳು ಮುತ್ತುತ್ತವೆ, ಆ ವರ್ಷದ ಕುರಿಂಜಿ ಜೇನಿಗೆ ಬೆಟ್ಟದವರಲ್ಲಿ ಬಹಳ ಬೆಲೆ. ಹೂ ಬಾಡಿದ ಬಳಿಕ ಕಾಯಿ ಕಟ್ಟಿ, ತಿಂಗಳುಗಟ್ಟಲೆ ಬಲಿತು, ಒಣಗಿ, ಸಿಡಿಯುತ್ತದೆ. ಬೀಜವು ತಾಯಿಗಿಡದ ಬುಡದ ಸುತ್ತಲೇ ಬೀಳುತ್ತದೆ. ಅಲ್ಲಿಗೆ ಗಿಡದ ಕೆಲಸ ಮುಗಿಯಿತು, ಅದು ಸಾಯುತ್ತದೆ. ಮುಂದಿನ ಮಳೆಗೆ ಬೀಜ ಮೊಳೆತು, ಹೊಸ ಪೀಳಿಗೆಯೊಂದು ಏಳುತ್ತದೆ. ಆ ಪೀಳಿಗೆ ಹೂವಿಲ್ಲದೆ, ಯಾರ ಕಣ್ಣಿಗೂ ಬೀಳದೆ, ಬರಿಯ ಹಸುರು ಪೊದೆಯಾಗಿ ಕಾದಿದ್ದು, ತನ್ನ ಸರದಿ ಬಂದಾಗ ಒಮ್ಮೆಲೇ ಅರಳುತ್ತದೆ. ಒಂದು ಗಿಡಕ್ಕೆ ಒಂದೇ ವಸಂತ.

ಇಷ್ಟು ದೀರ್ಘ ಕಾಲ ಕಾದು ಎಲ್ಲ ಗಿಡಗಳೂ ಒಂದೇ ಸಲ ಹೂ ಬಿಡುವುದೇಕೆ? ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ ಸರಳವಾಗಿದೆ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬೀಜವಾದರೆ ಅದನ್ನು ತಿನ್ನುವ ಹುಳುಗಳೂ ಹಕ್ಕಿಗಳೂ ಇಲಿಗಳೂ ಅದಕ್ಕೆ ತಕ್ಕಂತೆ ಬೆಳೆದು ಎಲ್ಲವನ್ನೂ ಮುಗಿಸಿಬಿಡುತ್ತವೆ. ಹನ್ನೊಂದು ವರ್ಷ ಏನನ್ನೂ ಕೊಡದೆ ಹನ್ನೆರಡನೆಯ ವರ್ಷ ರಾಶಿ ರಾಶಿಯಾಗಿ ಸುರಿದರೆ, ಉಣ್ಣುವವರು ಉಂಡು ತೇಗಿದ ಮೇಲೂ ಮೊಳೆಯುವಷ್ಟು ಮಿಕ್ಕಿರುತ್ತದೆ. ಆದುದರಿಂದ ಒಟ್ಟಾಗಿ ಅರಳುವುದೇ ಅದರ ರಕ್ಷಣೆ. ಗುಂಪು ಚದರಿ ಅಲ್ಲೊಂದು ಇಲ್ಲೊಂದು ಗಿಡ ಉಳಿದರೆ ಈ ಉಪಾಯ ನಡೆಯುವುದಿಲ್ಲ.

ಮೂನ್ನಾರಿನ ಬೆಟ್ಟಗಳಲ್ಲಿ ಈ ಹೂವು 1982, 1994, 2006 ಮತ್ತು 2018ರಲ್ಲಿ ಅರಳಿತು. ನಮ್ಮ ಶಾಲೆಯ ಐವತ್ತು ವರ್ಷಗಳಲ್ಲಿ ನಾಲ್ಕು ಬಾರಿ. ಮುಂದಿನ ಸರದಿ 2030. ಕೊಡಗಿನ ಬೆಟ್ಟಗಳಲ್ಲಿ 2021ರಲ್ಲಿ, ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ 2022ರಲ್ಲಿ ಕುರಿಂಜಿ ಅರಳಿತಲ್ಲ, ಲೆಕ್ಕ ತಪ್ಪಿತೇ ಎಂದು ಹಳೆವಿದ್ಯಾರ್ಥಿಯೊಬ್ಬರು ನನ್ನನ್ನು ಕೇಳಿದ್ದರು. ತಪ್ಪಿಲ್ಲ. ಸ್ಟ್ರೊಬಿಲಾಂಥಿಸ್ ಎಂಬುದು ಒಂದು ದೊಡ್ಡ ಕುಲ. ಅದರಲ್ಲಿ ಹಲವು ಜಾತಿಗಳಿದ್ದು ಜಾತಿಗೊಂದು, ಬೆಟ್ಟಕ್ಕೊಂದು ಲೆಕ್ಕವಿದೆ. ನಮ್ಮ ಮಲೆನಾಡಿನವರು ಈ ಕುಲದ ಗಿಡಗಳನ್ನು ಗುರಿಗೆ ಎಂದು ಕರೆಯುತ್ತಾರೆ.

1994: ನನ್ನ ತಪ್ಪು

1994ರಲ್ಲಿ ನನಗೆ ನಲವತ್ತಮೂರು ವಯಸ್ಸು. ಪತ್ರಿಕೆಗಳಲ್ಲಿ ಸುದ್ದಿ ಓದಿ, ಇಬ್ಬರು ಸಹೋದ್ಯೋಗಿಗಳೊಡನೆ ರಾತ್ರಿಯ ರೈಲಿನಲ್ಲಿ ಆಲುವಾಕ್ಕೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಕೋತಮಂಗಲಂ, ಅಡಿಮಾಲಿಗಳ ಮಾರ್ಗವಾಗಿ ಮೂನ್ನಾರ್ ತಲುಪಿದೆ. ಮರುದಿನ ಉದ್ಯಾನದ ರಾಜಮಲೆ ಭಾಗದಲ್ಲಿ ನಡೆದೆವು. ಮಂಜು ಸರಿದಾಗ ಎದುರಿನ ಇಳಿಜಾರು ನೀಲಿಯಾಗಿ ಕಾಣುವುದು, ಮತ್ತೆ ಮುಚ್ಚುವುದು, ಹೀಗೆ ನಡೆದಿತ್ತು. ಮೂವರಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ.

ಹಿಂದಿರುಗುವಾಗ, ಉದ್ಯಾನದ ಗಡಿಯ ಹೊರಗೆ, ರಸ್ತೆಯಂಚಿನ ದಿಣ್ಣೆಯಲ್ಲಿ ಕುರಿಂಜಿಯ ಪೊದೆಗಳಿದ್ದವು. ಜೀಪುಗಳಲ್ಲಿ ಬಂದವರು ಕಂತೆ ಕಂತೆಯಾಗಿ ಮುರಿದು ಒಯ್ಯುತ್ತಿದ್ದರು. ಉದ್ಯಾನದೊಳಗೆ ಕೀಳುವುದು ಅಪರಾಧವೆಂದು ನನಗೆ ಗೊತ್ತಿತ್ತು. ಇದು ಹೊರಗಲ್ಲವೇ, ಶಾಲೆಯ ಮಕ್ಕಳಿಗೆ ತೋರಿಸಲಿಕ್ಕಲ್ಲವೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಹೂ ತುಂಬಿದ ನಾಲ್ಕು ರೆಂಬೆಗಳನ್ನು ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡೆ. ಕಾಸರಗೋಡು ತಲುಪುವಾಗ ಹೂಗಳೆಲ್ಲ ಬಾಡಿ ಕಪ್ಪಾಗಿದ್ದವು. ಮೂರನ್ನು ಎಸೆದು, ಒಂದನ್ನು ಪುಸ್ತಕಗಳ ಅಡಿಯಲ್ಲಿ ಒತ್ತಿ ಒಣಗಿಸಿ ಚೌಕಟ್ಟು ಹಾಕಿಸಿದೆ. ಕಚೇರಿಯ ಗೋಡೆಯಲ್ಲಿರುವುದು ಅದೇ.

2006: ಮಕ್ಕಳ ಓರಗೆಯ ಗಿಡಗಳು

2006ರ ಅಕ್ಟೋಬರಿನಲ್ಲಿ, ನನ್ನ ನಿವೃತ್ತಿಗೆ ಆರು ತಿಂಗಳಿರುವಾಗ, ಏಳನೆಯ ತರಗತಿಯ ಮೂವತ್ತೊಂದು ಮಕ್ಕಳನ್ನು ಕರೆದುಕೊಂಡು ಹೋದೆವು. ಅವರಲ್ಲಿ ಹೆಚ್ಚಿನವರು ಹುಟ್ಟಿದ್ದು 1994ರಲ್ಲಿ. ಈ ಸಂಗತಿ ನನಗೆ ಹೊಳೆದದ್ದು ಹಾಜರಿ ಪುಸ್ತಕದಿಂದ, ರೈಲಿನ ಟಿಕೇಟಿಗೆ ವಯಸ್ಸು ಬರೆಯುವಾಗ. ಬೆಟ್ಟದಲ್ಲಿ ನಿಂತು, ‘ನೀವು ಹುಟ್ಟಿದ ವರ್ಷ ಅರಳಿದ ಹೂಗಳ ಬೀಜದಿಂದ ಎದ್ದ ಗಿಡಗಳು ಇವು, ನಿಮ್ಮ ಓರಗೆಯವು’ ಎಂದು ಹೇಳಿದೆ. ಅಲ್ಲಿಯ ತನಕ ಗದ್ದಲ ಮಾಡುತ್ತಿದ್ದವರು ಗಿಡಗಳನ್ನು ನೋಡುವ ರೀತಿಯೇ ಬದಲಾಯಿತು. ಒಬ್ಬ ಹುಡುಗ ಪೊದೆಯೊಂದರ ಪಕ್ಕ ನಿಂತು ತನ್ನ ಎತ್ತರವನ್ನು ಅಳೆದುಕೊಂಡು, ‘ನಾನೇ ಉದ್ದ’ ಎಂದ.

ಅಲ್ಲಿ ಕಾವಲಿಗಿದ್ದವರು ಮುದುವ ಜನಾಂಗದ ಒಬ್ಬ ಹಿರಿಯರು. ನಮ್ಮ ಮಕ್ಕಳಿಗೆ ಮಲಯಾಳ ಬರುತ್ತದೆಯಾದುದರಿಂದ ಸುತ್ತ ನಿಂತು ಪ್ರಶ್ನೆಗಳ ಮಳೆಗರೆದರು. ಒಂದು ಹುಡುಗಿ, ‘ಒಂದೇ ಒಂದು ರೆಂಬೆ ಕೊಯ್ದರೆ ಏನಾಗುತ್ತದೆ ಅಜ್ಜಾ, ಇಷ್ಟೊಂದು ಇವೆಯಲ್ಲ?’ ಎಂದು ಕೇಳಿದಳು. ಅವರು ಸಿಟ್ಟಾಗಲಿಲ್ಲ. ‘ಬೇರೆ ಹೂವಾದರೆ ಮುಂದಿನ ವರ್ಷ ಬಿಡುತ್ತದೆ ಮಗಳೇ. ಇದು ಬೀಜವಾಗುವ ಮೊದಲು ಕೊಯ್ದರೆ ಆ ಜಾಗದಲ್ಲಿ ಹನ್ನೆರಡು ವರ್ಷ ಏನೂ ಇಲ್ಲ. ಆಮೇಲೂ ಇಲ್ಲ’ ಎಂದರು.

‘ಆಮೇಲೂ ಇಲ್ಲ’ ಎಂಬ ಮಾತು ನನಗೆ ನಾಟಿತು. ನಾನು ಕತ್ತರಿಸಿದ ನಾಲ್ಕು ರೆಂಬೆಗಳು ಬೀಜವಾಗಿದ್ದರೆ, ಅವುಗಳಿಂದ ಎದ್ದ ಗಿಡಗಳು ಈ ಮಕ್ಕಳ ವಯಸ್ಸಿನವಾಗಿ ಆ ದಿನ ರಸ್ತೆಯಂಚಿನಲ್ಲಿ ಹೂ ಬಿಟ್ಟಿರುತ್ತಿದ್ದವು. ಇಳಿಯುವಾಗ ಬಸ್ಸಿನ ಕಿಟಕಿಯಿಂದ ಆ ದಿಣ್ಣೆಯನ್ನು ಹುಡುಕಿದೆ. ಗುರುತು ಹಿಡಿಯುವುದು ಕಷ್ಟವಾಗಲಿಲ್ಲ, ಏಕೆಂದರೆ ಅಲ್ಲಿನ ತಿರುವು ನೆನಪಿನಲ್ಲಿತ್ತು. ದಿಣ್ಣೆಯಲ್ಲಿ ಕಳೆಗಿಡಗಳಿದ್ದವು, ಕುರಿಂಜಿ ಇರಲಿಲ್ಲ. ನನ್ನ ನಾಲ್ಕು ರೆಂಬೆಗಳಿಂದಲೇ ಹಾಗಾಯಿತೆಂದು ಹೇಳಲಾರೆ. ಕಂತೆ ಕಟ್ಟಿದವರು ನೂರಾರು ಮಂದಿ ಇದ್ದರು. ಆದರೆ ಪ್ರತಿಯೊಬ್ಬರೂ ಹಾಗೆಯೇ ಎಣಿಸಿಕೊಂಡಿರಬೇಕು.

ಆ ದಿನ ಮಕ್ಕಳ ಮುಂದೆ ನಿಜವನ್ನು ಹೇಳಿಬಿಡುವ ಧೈರ್ಯ ನನಗೆ ಬರಲಿಲ್ಲ. ಹೂ ಕೀಳಬಾರದೆಂದು ಉಪದೇಶಿಸಿದೆ, ಅಷ್ಟೆ. ಶಾಲೆಗೆ ಮರಳಿದ ಮೇಲೆ ಚೌಕಟ್ಟನ್ನು ಇಳಿಸಲು ಕೈ ಹಾಕಿದೆ; ಹಾಗೆ ಇಳಿಸಿದರೆ ಮುಚ್ಚಿಟ್ಟಂತಾಗುವುದೆಂದು ಬಿಟ್ಟೆ. ಈಚೆಗೆ ಕಚೇರಿಗೆ ಹೋದಾಗ ಈಗಿನ ಮುಖ್ಯೋಪಾಧ್ಯಾಯಿನಿಯವರಲ್ಲಿ ಎಲ್ಲವನ್ನೂ ಹೇಳಿದೆ. ಅವರು, ‘ಅದು ಅಲ್ಲೇ ಇರಲಿ ಮಾಷ್ಟ್ರೇ. ಇನ್ನು ಕಥೆಯನ್ನೂ ಹೇಳಿಯೇ ಮಕ್ಕಳಿಗೆ ತೋರಿಸೋಣ’ ಎಂದರು. ಈ ಬರಹಕ್ಕೆ ಅವರ ಮಾತೇ ಪ್ರೇರಣೆ.

2018 ಮತ್ತು ಮುಂದೆ

ಅದೇ ಮೂವತ್ತೊಂದು ಮಕ್ಕಳಲ್ಲಿ ಒಂಬತ್ತು ಮಂದಿ 2018ರಲ್ಲಿ ನನ್ನನ್ನು ಮತ್ತೆ ಕರೆದುಕೊಂಡು ಹೋದರು. ಆಗ ಅವರಿಗೆ ಇಪ್ಪತ್ತನಾಲ್ಕು, ನನಗೆ ಅರುವತ್ತೇಳು. ಆ ವರ್ಷದ ಆಗಸ್ಟಿನ ಮಹಾಪ್ರಳಯ ಕೇರಳವನ್ನೇ ನಡುಗಿಸಿತ್ತು. ಮೂನ್ನಾರ್ ಕೆಲವು ದಿನ ಹೊರಜಗತ್ತಿನ ಸಂಪರ್ಕವಿಲ್ಲದೆ ಉಳಿದಿತ್ತು; ಉದ್ಯಾನದ ಹಾದಿಯ ಪೆರಿಯವರೈ ಸೇತುವೆಯೂ ಕುಸಿದಿತ್ತು. ನಾವು ಸೆಪ್ಟೆಂಬರ್ ಕೊನೆಗೆ ತಾತ್ಕಾಲಿಕ ದಾರಿಯಲ್ಲಿ ದಾಟಿ ಹೋದೆವು. ಮಳೆಯ ಹೊಡೆತದಿಂದ ಹೂವು ಹಿಂದಿನಷ್ಟು ಇರಲಿಲ್ಲ. ಕೆಲವು ಇಳಿಜಾರು ನೀಲಿಯಾಗಿದ್ದರೆ ಕೆಲವು ಹಸುರಾಗಿಯೇ ಇದ್ದವು. ಅಂದು ಎತ್ತರ ಅಳೆದುಕೊಂಡಿದ್ದ ಹುಡುಗ ಏದುಸಿರು ಬಿಡುತ್ತಿದ್ದ ನನ್ನ ಕೈಹಿಡಿದು ನಡೆಸಿದ.

ಕುರಿಂಜಿಗೆ ಅಪಾಯ ಹೂ ಕೀಳುವವರಿಂದ ಮಾತ್ರವಲ್ಲ. ಚಹಾ ತೋಟ, ನೆಟ್ಟ ಮರಗಳು, ಕಟ್ಟಡಗಳು, ಕಾಡುಕಿಚ್ಚು ಹಾಗೂ ಪರದೇಶದ ಕಳೆಗಳಿಂದ ಹುಲ್ಲುಗಾವಲೇ ಕುಗ್ಗುತ್ತ ಬಂದಿದೆ. 2006ರ ಅಕ್ಟೋಬರಿನಲ್ಲಿ ಕೇರಳ ಸರ್ಕಾರ ಮೂನ್ನಾರಿನ ಆಚೆಗಿನ ವಟ್ಟವಡ, ಕೊಟ್ಟಕಂಬೂರು ಗ್ರಾಮಗಳಲ್ಲಿ ಈ ಹೂವಿಗಾಗಿಯೇ ಕುರಿಂಜಿಮಲ ಅಭಯಾರಣ್ಯವನ್ನು ಘೋಷಿಸಿತು; ಅಲ್ಲಿನ ಭೂಮಿಯ ಹಕ್ಕು ಮತ್ತು ಗಡಿಯ ಕುರಿತು ವಿವಾದಗಳು ಬಹುಕಾಲ ನಡೆದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಬಂದ ತಿದ್ದುಪಡಿಯ ಬಳಿಕ ನೀಲಕುರಿಂಜಿ ಸಂರಕ್ಷಿತ ಸಸ್ಯಗಳ ಪಟ್ಟಿಯಲ್ಲಿದೆ. ನಾನು 1994ರಲ್ಲಿ ಮಾಡಿದ್ದನ್ನು ಇಂದು ಮಾಡಿದವರಿಗೆ ‘ಗಡಿಯ ಹೊರಗೆ’ ಎಂಬ ನೆಪವಿಲ್ಲ. 2024ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅಪಾಯಕ್ಕೆ ಗುರಿಯಾದ ಜೀವಿಗಳ ಕೆಂಪು ಪಟ್ಟಿಯಲ್ಲಿ ಅದನ್ನು ಸೇರಿಸಿತು.

ಹೋಗುವವರಿಗೆ ನಾಲ್ಕು ಮಾತು

ಕಾಸರಗೋಡಿನಿಂದ ರಾತ್ರಿಯ ರೈಲಿನಲ್ಲಿ ಹೊರಟು ಬೆಳಗ್ಗೆ ಆಲುವಾ ಅಥವಾ ಎರ್ನಾಕುಳಂನಲ್ಲಿ ಇಳಿದರೆ ಮಧ್ಯಾಹ್ನದ ಹೊತ್ತಿಗೆ ಬಸ್ಸು ಮೂನ್ನಾರ್ ಸೇರುತ್ತದೆ. ಆ ದಿನ ವಿಶ್ರಾಂತಿ ಪಡೆದು, ಮರುದಿನ ಮುಂಜಾನೆ ಮೊದಲ ಸಾಲಿನಲ್ಲಿ ಉದ್ಯಾನಕ್ಕೆ ಹೋಗುವುದು ಲೇಸು; ಹೊತ್ತೇರಿದಂತೆ ಮಂಜೂ ಜನವೂ ಏರುತ್ತವೆ. ಸ್ವಂತ ವಾಹನಗಳನ್ನು ಐದನೆಯ ಮೈಲಿಯ ತನಿಖಾ ದ್ವಾರದಲ್ಲಿ ಬಿಟ್ಟು, ಅರಣ್ಯ ಇಲಾಖೆಯ ಬಸ್ಸಿನಲ್ಲಿ ರಾಜಮಲೆಗೆ ಹೋಗಬೇಕು. ಅಲ್ಲಿಂದ ಮುಂದೆ ಬೆಟ್ಟದ ಮಗ್ಗುಲಲ್ಲಿ ಏರುವ ಹಾದಿಯಲ್ಲಿ ಕಾಲ್ನಡಿಗೆ. ಸಾಧಾರಣ ಆರೋಗ್ಯವಿರುವ ಹಿರಿಯರೂ ನಿಂತು ನಿಂತು ನಡೆಯಬಹುದು, ಉಬ್ಬಸವುಳ್ಳವರು ಅವಸರಿಸಬಾರದು.

ವರಯಾಡುಗಳು ಮರಿ ಹಾಕುವ ಕಾಲವೆಂದು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಉದ್ಯಾನವನ್ನು ಮುಚ್ಚುತ್ತಾರೆ. ಹೂವಿಗೆ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಆನೆಮುಡಿಯನ್ನು ದೂರದಿಂದ ಕಂಡು ತೃಪ್ತಿಪಡಬೇಕು. ಸಾರ್ವಜನಿಕರಿಗೆ ಆ ಶಿಖರ ಏರಲು ಅನುಮತಿಯಿಲ್ಲ. ಸಂದರ್ಶಕರಿಗೆ ತೆರೆದಿರುವುದು ಉದ್ಯಾನದ ಸಣ್ಣ ಭಾಗವಷ್ಟೆ. ಇನ್ನಷ್ಟು ನಡೆಯಬಯಸುವವರು ಮೂನ್ನಾರಿನ ಸುತ್ತ ಅರಣ್ಯ ಇಲಾಖೆ ಅನುಮತಿಸಿದ ದಾರಿಗಳಲ್ಲಿ, ಅವರು ಕಳುಹಿಸುವ ಮಾರ್ಗದರ್ಶಕರೊಡನೆಯೇ ಹೋಗಬೇಕು. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಮಳೆಯಂಗಿ ಬೇಕು. ದಪ್ಪನೆಯ ಸ್ವೆಟರು ಬೇಕು. ಶೋಲೆಯ ಬದಿಯಲ್ಲಿ ಜಿಗಣೆಗಳಿರುವುದರಿಂದ ಕಾಲುಚೀಲವನ್ನು ಪ್ಯಾಂಟಿನ ಮೇಲಕ್ಕೆ ಎಳೆದುಕೊಳ್ಳುವುದು ಮೇಲು. ಪ್ಲಾಸ್ಟಿಕ್ ಒಯ್ಯಬಾರದು. ವರಯಾಡಿಗೆ ತಿಂಡಿ ಕೊಡಬಾರದು, ಮುಟ್ಟಬಾರದು. ಹಾದಿಯನ್ನು ಬಿಟ್ಟು ಹುಲ್ಲಿನೊಳಗೆ ಒಂದು ಹೆಜ್ಜೆಯನ್ನೂ ಇಡಬಾರದು. ಹೂವಿಲ್ಲದ ವರ್ಷಗಳಲ್ಲಿ ಕಾಲಡಿಯ ಹಸುರು ಸಸಿಯೇ ಕುರಿಂಜಿಯಾಗಿರಬಹುದು.

ಕೊನೆಯದಾಗಿ ನಮ್ಮೂರಿನ ಮಾತು. ಮೂನ್ನಾರಿನಿಂದ ಬಂದ ಮಕ್ಕಳು 2006ರಲ್ಲಿ ಶಾಲೆಯ ಹಿಂದಿನ ಪದವಿಗೆ ಹೋಗಿ ನೋಡಿದರು. ಮಳೆಗಾಲದ ಕೊನೆಯಲ್ಲಿ ನಮ್ಮ ಕೆಂಪುಕಲ್ಲಿನ ಪದವುಗಳೂ ನೀಲಿಯಾಗುತ್ತವೆ. ಓಣಂ ಹೂರಂಗೋಲಿಗೆ ಮಲಯಾಳಿಗಳು ಕಾಕ್ಕಪೂ ಎಂದು ಆಯುವ ಬೆರಳುದ್ದದ ಆ ಹೂವು ನೀರಿನೊಳಗಿನ ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಗಿಡದ್ದು. ನಮ್ಮಲ್ಲಿ ಅದು ವರ್ಷ ವರ್ಷವೂ ಬರುವುದರಿಂದ ಅದಕ್ಕೆ ಯಾರೂ ಟಿಕೇಟು ಕೊಳ್ಳುವುದಿಲ್ಲ. ಪದವುಗಳನ್ನೂ ನಾವು ಪಾಳು ಎಂದೇ ಕರೆಯುತ್ತೇವೆ. ಕೆಂಪುಕಲ್ಲಿನ ಕೋರೆಗಳು ಅವುಗಳನ್ನು ತಿನ್ನುತ್ತಿವೆ. ನಮ್ಮ ಶಾಲೆಯ ಹಿಂದಿನ ಪದವಿನಲ್ಲಿ ಈಗ ಅರ್ಧ ಮಾತ್ರ ಉಳಿದಿದೆ. ಅಲ್ಲಿಗೆ ಹೋಗಲು ಹನ್ನೆರಡು ವರ್ಷ ಕಾಯಬೇಕಾಗಿಲ್ಲ, ರೈಲೂ ಬೇಡ. ಬರುವ ಸೆಪ್ಟೆಂಬರಿನಲ್ಲಿ ನಿಮ್ಮ ಮಕ್ಕಳ ಕೈಹಿಡಿದು ಒಮ್ಮೆ ಹೋಗಿ ಬನ್ನಿ.

2030ಕ್ಕೆ ನನಗೆ ಎಪ್ಪತ್ತೊಂಬತ್ತು ತುಂಬುತ್ತದೆ. ದೇವರು ಕಾಲು ಕೊಟ್ಟರೆ ಹೋಗುವೆ. ಕೊಡದಿದ್ದರೆ 2006ರ ಮಕ್ಕಳು ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗುವರೆಂದು ಮಾತು ಕೊಟ್ಟಿದ್ದಾರೆ. ಈ ಶಾಲೆಯಲ್ಲಿ ಅಂದು ಏಳನೆಯ ತರಗತಿಯಲ್ಲಿ ಕನ್ನಡ ಕಲಿಯುತ್ತಿರುವ ಮಕ್ಕಳೂ ಅವರೊಡನೆ ಇರಲಿ, ಬೆಟ್ಟದಿಂದ ಬರಿಗೈಯಲ್ಲಿ ಮರಳಿ ಬರಲಿ ಎಂದು ಹಾರೈಸುತ್ತೇನೆ. ಚೌಕಟ್ಟಿನಲ್ಲಿರುವ ಒಂದು ರೆಂಬೆ ನಮ್ಮ ಶಾಲೆಗೆ ಸಾಕು.